ಗಂಧಕ ತಲುಪದ ಸಾಲು

ಸಸ್ಯ ಸಂರಕ್ಷಣಾ ಕೇಂದ್ರದ ಕಟ್ಟಡಕ್ಕೆ ಎರಡು ಮಹಡಿ. ಕೆಳಗೆ ಕೀಟಗಳ ವಿಭಾಗ, ಮೇಲೆ ಶಿಲೀಂಧ್ರ ರೋಗಗಳ ವಿಭಾಗ. ಕೆಳಗೆ ತಂಗಿ, ಮೇಲೆ ಅಕ್ಕ. ಒಡಹುಟ್ಟಿದವರು, ಒಂದೇ ಕಾಲೇಜಿನಲ್ಲಿ ಓದಿದವರು, ಆರು ವರ್ಷದ ಅಂತರದಲ್ಲಿ ಒಂದೇ ಕಡೆ ಕೆಲಸಕ್ಕೆ ಸೇರಿದವರು. ಮನೆಗೆ ಬಂದವರಿಗೆಲ್ಲ ಅವರ ಅಮ್ಮ, "ನನಗಿಬ್ಬರು ಹೆಣ್ಣುಮಕ್ಕಳು. ಒಬ್ಬಳು ಹುಳ ಹಿಡೀತಾಳೆ, ಇನ್ನೊಬ್ಬಳಿಗೆ ಬೂಷ್ಟು ಹಿಡಿದಿದೆ" ಎಂದು ಪರಿಚಯ ಮಾಡಿಕೊಡುತ್ತಿದ್ದರು.

ಇಬ್ಬರ ನಡುವೆ ಇದ್ದದ್ದು ಇಪ್ಪತ್ತೆರಡು ಮೆಟ್ಟಿಲು. ಊಟದ ಡಬ್ಬಿ ಬಿಚ್ಚಲು ತಂಗಿ ಅವನ್ನು ದಿನಾ ಹತ್ತುತ್ತಿದ್ದಳು. ಕೆಲಸದ ಮಾತಿಗೆ ಮಾತ್ರ ಹತ್ತುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ. ಅಕ್ಕನ ಮಾತೆಂದರೆ ಸೌತೆ ಬೆಳೆಯುವವರಿಗೆ ಕಲ್ಲಿನಲ್ಲಿ ಕೆತ್ತಿದ ಹಾಗೆ. ಅವಳ ಸಹಿ ಇರುವ ಔಷಧಿ ಪಟ್ಟಿ ಸುತ್ತಲಿನ ಪ್ಲಾಸ್ಟಿಕ್ ಹೊದಿಸಿದ ಪ್ರತಿ ಪಾಲಿಹೌಸಿನ ಬಾಗಿಲಿಗೂ ಅಂಟಿಕೊಂಡಿತ್ತು. ತಂಗಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಯಾರೋ, "ಅಕ್ಕ ಇದ್ದಾರಲ್ಲ, ನಿಮಗೇನು ಬಿಡಿ" ಎಂದುಬಿಟ್ಟಿದ್ದರು. ಆ ಮಾತು ಕಾಲಿನಲ್ಲಿ ಮುರಿದ ಮುಳ್ಳಿನಂತೆ ಉಳಿದುಹೋಯಿತು. ಏನು ಮಾಡಿದರೂ ಅಕ್ಕನನ್ನು ಕೇಳದೆ ಮಾಡಬೇಕು ಎಂದು ಅವಳು ಅಂದೇ ಗಟ್ಟಿ ಮಾಡಿಕೊಂಡಿದ್ದಳು.

ತಂಗಿಯ ಶತ್ರು ಬಿಳಿ ನೊಣ. ಸೌತೆ ಎಲೆಯ ಅಡಿಯಲ್ಲಿ ಹಿಟ್ಟು ಚೆಲ್ಲಿದಂತೆ ಕೂತು ರಸ ಹೀರುವ, ಗಿಡ ಅಲುಗಿಸಿದರೆ ಹೊಗೆಯಂತೆ ಮೇಲೇಳುವ ಪುಟ್ಟ ಕೀಟ. ಯಾವ ವಿಷ ಹೊಡೆದರೂ ಎರಡು ವರ್ಷದಲ್ಲಿ ಅರಗಿಸಿಕೊಳ್ಳುವ ಜಾತಿ. ಅವಳು ವಿಷದ ಗೊಡವೆಗೇ ಹೋಗಲಿಲ್ಲ. ಸತ್ತ ನೊಣವೊಂದರ ಮೈಮೇಲೆ ಹತ್ತಿಯಂತೆ ಬೆಳೆದಿದ್ದ ಬಿಳಿ ಶಿಲೀಂಧ್ರವನ್ನು ಹುಡುಕಿ ತಂದು, ಬೆಂದ ಅಕ್ಕಿಯ ಮೇಲೆ ಸಾಕಿ, ಪುಡಿ ಮಾಡಿ, ನೀರಿಗೆ ಬೆರೆಸಿ ಸಿಂಪಡಿಸಿದಳು. ಅದರ ಬೀಜಕಣ ನೊಣದ ಮರಿಯ ಮೈಗೆ ಅಂಟಿ, ಮೊಳೆತು, ಚರ್ಮ ಕೊರೆದು ಒಳಗೆ ನುಗ್ಗುತ್ತದೆ. ಆರೇಳು ದಿನಕ್ಕೆ ಮರಿ ಸತ್ತು ಬಿಳಿ ನೂಲಿನ ಉಂಡೆಯಾಗುತ್ತದೆ. ಪ್ರಯೋಗಾಲಯದ ಗಾಜಿನ ತಟ್ಟೆಗಳಲ್ಲಿ ಹತ್ತಕ್ಕೆ ಒಂಬತ್ತು ಸತ್ತವು. ಮೂರು ವರ್ಷ ಎಷ್ಟು ಸಲ ಮಾಡಿದರೂ ಹತ್ತಕ್ಕೆ ಒಂಬತ್ತೇ.

ಅದೇ ಪುಡಿಯನ್ನು ಬೆಳೆಗಾರರ ಕೈಗೆ ಕೊಟ್ಟಾಗ ಹತ್ತಕ್ಕೆ ಎರಡೂ ಸಾಯಲಿಲ್ಲ.

ಹನ್ನೊಂದು ಪಾಲಿಹೌಸುಗಳಿಂದ ಒಂದೇ ಸುದ್ದಿ. ಕೇಂದ್ರದ ನಿರ್ದೇಶಕರು ಮೃದು ಮನುಷ್ಯ. ಕೆಟ್ಟ ಸುದ್ದಿ ಹೇಳುವ ಮೊದಲು ಕನ್ನಡಕ ತೆಗೆದು ಒರೆಸುವ ಅಭ್ಯಾಸ. ಅಂದು ಬಹಳ ಹೊತ್ತು ಒರೆಸಿದರು.

"ಈ ಹಂಗಾಮು ಒಂದು ನೋಡೋಣಮ್ಮ. ಆಮೇಲೂ ಹೀಗೇ ಆದ್ರೆ ಬೇರೆ ವಿಷಯ ಹಿಡ್ಕೊಳ್ಳಿ."

"ಆಗಲಿ ಸರ್. ಆದ್ರೆ ನನ್ನ ಶಿಲೀಂಧ್ರ ಸೋತಿಲ್ಲ. ಅದನ್ನ ಯಾರೋ ಸೋಲಿಸ್ತಿದ್ದಾರೆ" ಎಂದಳು ತಂಗಿ. ಯಾರು ಎಂದು ಅವಳಿಗೂ ಗೊತ್ತಿರಲಿಲ್ಲ. ಆದರೆ ಗಾಜಿನ ತಟ್ಟೆಯಲ್ಲಿ ತಾನು ಕಣ್ಣಾರೆ ಕಂಡದ್ದು ಸುಳ್ಳಲ್ಲ ಎಂಬ ನಂಬಿಕೆ ಗಟ್ಟಿಯಾಗಿತ್ತು.

ಮರುದಿನದಿಂದ ಅವಳು ಹನ್ನೊಂದೂ ಪಾಲಿಹೌಸುಗಳಿಗೆ ತಾನೇ ಹೋಗತೊಡಗಿದಳು. ಏಳನೆಯದು ಡ್ರೈವರಣ್ಣನದು. ಬಸ್ಸು ಬಿಟ್ಟು ಎಂಟು ವರ್ಷವಾಗಿದ್ದರೂ ಹೆಸರು ಬಿಟ್ಟಿರಲಿಲ್ಲ. ಬೆಳಗಿನ ಹತ್ತು ಗಂಟೆಗೇ ಒಳಗೆ ಒದ್ದೆ ಶಾಖ. ನೂಲಿನ ಮೇಲೆ ಹಬ್ಬಿದ ಬಳ್ಳಿಗಳು ತಲೆಯ ಮೇಲೆ ಹೋಗಿದ್ದವು.

"ಬೇಜಾರು ಮಾಡ್ಕೋಬೇಡಿ ಮೇಡಂ" ಎಂದ ಡ್ರೈವರಣ್ಣ, "ನಿಮ್ಮ ಪುಡಿ ಶೋರೂಮಲ್ಲಿ ಚೆನ್ನಾಗಿ ಓಡುತ್ತೆ. ರೋಡಿಗೆ ಬಂದ್ರೆ ನಿಂತ್ಬಿಡುತ್ತೆ."

"ನಿಂತಿದ್ದು ಎಲ್ಲಿ ಅಂತ ನೋಡೋಕೇ ಬಂದಿದೀನಿ."

ಅವಳು ಸಾಲು ಸಾಲಾಗಿ ಎಲೆ ಮಗುಚಿ ನೋಡುತ್ತ ನಡೆದಳು. ಎಲ್ಲ ಕಡೆ ಜೀವಂತ ನೊಣ. ಎಲೆಗಳ ಮೇಲ್ಭಾಗ ಮಾತ್ರ ತೊಳೆದಿಟ್ಟಂತೆ ಹಸಿರು. ಸೌತೆಗೆ ಬರುವ ಬೂದಿ ರೋಗದ ಒಂದು ಚುಕ್ಕೆಯೂ ಇಲ್ಲ. ಕೊನೆಯಲ್ಲಿ ನೀರಿನ ತೊಟ್ಟಿಯ ಹಿಂದೆ ಹಳೆಯ ಹಾಸಿಗೆ ಬಟ್ಟೆಯೊಂದು ಪರದೆಯಂತೆ ನೇತಾಡುತ್ತಿತ್ತು. ಅವಳು ಅತ್ತ ಕಾಲಿಟ್ಟದ್ದೇ ತಡ, ಡ್ರೈವರಣ್ಣ ಅಡ್ಡ ಬಂದ.

"ಅಲ್ಲಿಗೆ ಬೇಡ ಮೇಡಂ. ಅದು ನನ್ನ ಮರ್ಯಾದೆ ಪ್ರಶ್ನೆ."

"ಏನಿದೆ ಅಲ್ಲಿ?"

"ಏನೂ ಇಲ್ಲ. ಒಂದು ಸಾಲು ಗಿಡ. ಮೋಟಾರ್ ಪಂಪಿನ ಪೈಪು ಅಲ್ಲಿಗೆ ಮೂರು ಮೀಟರ್ ಸಾಲಲ್ಲ. ಗಂಧಕ ಬೀಳಲ್ಲ, ಬೂದಿ ರೋಗ ಹತ್ಕೊಂಡಿದೆ. ನಿಮ್ಮಕ್ಕ ನೋಡಿದ್ರೆ ನನ್ನ ಚರ್ಮ ಸುಲೀತಾರೆ."

ತಂಗಿ ಬಟ್ಟೆ ಸರಿಸಿ ಒಳಗೆ ಹೋದಳು. ಹದಿನಾಲ್ಕು ಗಿಡ. ಎಲೆಗಳ ಮೇಲೆಲ್ಲ ಬೂದಿ ಎರಚಿದಂತೆ ಬಿಳಿ ಮಚ್ಚೆ. ಒಂದು ಎಲೆ ಮಗುಚಿದಳು. ಆಮೇಲೆ ಇನ್ನೊಂದು. ಆಮೇಲೆ ಮಂಡಿಯೂರಿ ಕೂತು, ಜೇಬಿನ ಭೂತಗನ್ನಡಿ ತೆಗೆದು, ಒಂದಾದ ಮೇಲೊಂದು ಎಲೆ ನೋಡತೊಡಗಿದಳು. ಎಲ್ಲದರ ಅಡಿಯಲ್ಲೂ ಬಿಳಿ ನೂಲಿನ ಉಂಡೆಗಳು. ಸತ್ತ ಮರಿಗಳು. ಹಾರುವ ನೊಣ ಬೆರಳೆಣಿಕೆಯಷ್ಟು.

"ಇಲ್ಲಿಗೆ ನನ್ನ ಪುಡಿ ಹೊಡೆದಿದ್ರಾ?"

"ಹೊಡೆದೆ. ನೀವು ಕೊಟ್ಟ ಕೈಪಂಪಲ್ಲಿ ಎಲ್ಲಾ ಕಡೆ ಹೊಡೆದೆ. ಉಳಿದಿದ್ದನ್ನ ಇಲ್ಲಿಗೂ ಹಾಕಿದೆ."

"ಗಂಧಕ ಯಾವಾಗ ಹೊಡೀತೀರಿ?"

"ಪ್ರತಿ ಸೋಮವಾರ. ಬಾಗಿಲ ಮೇಲೆ ಪಟ್ಟಿ ಇದೆಯಲ್ಲ, ಅದರ ಪ್ರಕಾರ. ನಿಮ್ಮದು ಮಂಗಳವಾರ ಸಂಜೆ. ಎರಡನ್ನೂ ಒಂದೇ ಡಬ್ಬದಲ್ಲಿ ಬೆರೆಸಬೇಡಿ ಅಂತ ಬರೆದಿದ್ರಿ. ಬೆರೆಸಿಲ್ಲ."

ತಂಗಿ ಎದ್ದು ನಿಂತು ಮಂಡಿಯ ಮಣ್ಣು ಕೊಡವಿದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಿತ್ತು. ಗಂಧಕ ಶಿಲೀಂಧ್ರಗಳನ್ನು ಕೊಲ್ಲುವ ಔಷಧಿ. ರೋಗದ ಶಿಲೀಂಧ್ರ ಯಾವುದು, ಸಾಕಿದ ಶಿಲೀಂಧ್ರ ಯಾವುದು ಎಂದು ಅದು ಕೇಳುವುದಿಲ್ಲ. ಡಬ್ಬದಲ್ಲಿ ಬೆರೆಸಬೇಡಿ ಎಂದು ಬರೆದಾಗ, ಗಂಧಕ ಎಲೆಯ ಮೇಲೆ ದಿನಗಟ್ಟಲೆ ಕೂತಿರುತ್ತದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಆ ತಪ್ಪು ತನ್ನದೇ. ಪ್ರತಿ ವಾರ ಹೊಡೆಯಿರಿ ಎಂದು ಪಟ್ಟಿಯಲ್ಲಿ ಬರೆದವಳು ಅಕ್ಕ. ಮೇಲಿನ ಮಹಡಿಯವಳನ್ನು ಒಂದು ಮಾತು ಕೇಳಿದ್ದರೆ ಇದು ಮೂರು ವರ್ಷದ ಹಿಂದೆಯೇ ತಿಳಿಯುತ್ತಿತ್ತು.

"ಡ್ರೈವರಣ್ಣ, ಈ ಸಾಲನ್ನ ಮುಟ್ಟಬೇಡಿ. ಬಟ್ಟೆನೂ ತೆಗೆದುಹಾಕಿ. ಇಲ್ಲಿ ನಾಚಿಕೆಪಡೋಂಥದ್ದು ಏನೂ ಇಲ್ಲ."

ಅಂದು ಮಧ್ಯಾಹ್ನ ಕಾಗದದ ಚೀಲದ ತುಂಬ ಎಲೆ ಹಿಡಿದು ಅವಳು ಇಪ್ಪತ್ತೆರಡು ಮೆಟ್ಟಿಲು ಹತ್ತಿದಳು. ಅಕ್ಕನ ಕೋಣೆಯಲ್ಲಿ ಎಲ್ಲವೂ ಸಾಲಾಗಿ: ಸೀಸೆಗಳು, ದಾಖಲೆಗಳು, ಚೂಪು ಮಾಡಿಟ್ಟ ಪೆನ್ಸಿಲ್ಲುಗಳು. ತಂಗಿ ಹೇಳಿದ್ದನ್ನು ಅಕ್ಕ ನಡುವೆ ಬಾಯಿ ಹಾಕದೆ ಕೇಳಿದಳು. ಅದೇ ಅಪಾಯದ ಗುರುತು.

"ಅಂದ್ರೆ ನಿನ್ನ ಪ್ರಯೋಗ ಕೆಟ್ಟಿದ್ದಕ್ಕೆ ನನ್ನ ಪಟ್ಟಿ ಕಾರಣ."

"ಹಾಗಂದಿಲ್ಲ ಅಕ್ಕ. ನಾನೂ ಕೇಳಬೇಕಿತ್ತು, ಕೇಳಲಿಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಂದು ಮೂಲೆ, ಹದಿನಾಲ್ಕು ಗಿಡ. ಇದನ್ನ ಪುರಾವೆ ಅಂತ ತಂದಿದ್ದೀಯಾ? ಗಂಧಕ ನಿಲ್ಲಿಸಿದ್ರೆ ಹದಿನೈದು ದಿನದಲ್ಲಿ ಬೂದಿ ರೋಗ ಇಡೀ ಬೆಳೆ ನುಂಗುತ್ತೆ. ಆಗ ಬೆಳೆಗಾರರು ಯಾರ ಬಾಗಿಲಿಗೆ ಬರ್ತಾರೆ? ನಿನ್ನ ಬಾಗಿಲಿಗಲ್ಲ."

"ಪುರಾವೆ ಅಲ್ಲ, ಸುಳಿವು. ಪುರಾವೆ ಮಾಡೋಣ ಅಂತಾನೇ ಬಂದಿದೀನಿ. ಇಬ್ಬರೂ ಸೇರಿ."

ಅಕ್ಕ ದಾಖಲೆಯೊಂದನ್ನು ಎಳೆದುಕೊಂಡು ಪೆನ್ಸಿಲ್ ಹಿಡಿದಳು. ತಂಗಿ ಎಲೆಯ ಚೀಲವನ್ನು ಮೇಜಿನ ಮೇಲೇ ಬಿಟ್ಟು ಇಳಿದು ಬಂದಳು.

ಭಾನುವಾರದ ಊಟ ಎಂದಿನಂತೆ ಅಮ್ಮ ಇದ್ದ ತಂಗಿಯ ಮನೆಯಲ್ಲಿ. ಅಕ್ಕ ತಪ್ಪದೆ ಬಂದಳು. ಒಬ್ಬಳಿಗೆ ಉಪ್ಪು ಬೇಕಾದರೆ ಇನ್ನೊಬ್ಬಳು ಅದನ್ನು ಅಮ್ಮನ ಕೈಗೆ ಕೊಡುವಳು. ಮೂರನೆಯ ಸಲಕ್ಕೆ ಅಮ್ಮ ಬಟ್ಟಲನ್ನು ಟಪ್ಪನೆ ಇಟ್ಟರು.

"ನಾನೇನು ಪೋಸ್ಟ್ ಆಫೀಸಾ? ಏನಾಗಿದೆ ನಿಮ್ಮಿಬ್ಬರಿಗೆ?"

ಇಬ್ಬರೂ ಒಟ್ಟಿಗೆ ಹೇಳತೊಡಗಿದರು. ಅಮ್ಮ ಕೈಯೆತ್ತಿ ನಿಲ್ಲಿಸಿ, ಮೊದಲು ಚಿಕ್ಕವಳದ್ದು, ಆಮೇಲೆ ದೊಡ್ಡವಳದ್ದು ಕೇಳಿದರು. ಅರ್ಧ ಅರ್ಥವಾಯಿತು, ಅರ್ಧ ಬಿಟ್ಟರು.

"ನೀನು ಆ ಮೂಲೆ ನೋಡಿದ್ಯಾ?" ಎಂದು ದೊಡ್ಡ ಮಗಳನ್ನು ಕೇಳಿದರು.

"ಇಲ್ಲ."

"ನೋಡದೇ ಇದ್ದಿದ್ದಕ್ಕೆ ಇಷ್ಟು ಮಾತಾ?" ಎಂದು ತಟ್ಟೆಗೆ ಕೈ ಹಾಕಿದರು. ಅಲ್ಲಿಗೆ ಆ ವಿಚಾರಣೆ ಮುಗಿಯಿತು.

ಸೋಮವಾರ ಅಕ್ಕ ತಾನೇ ಡ್ರೈವರಣ್ಣನ ಪಾಲಿಹೌಸಿಗೆ ಹೋದಳು. ತಂಗಿಯ ಮಾತನ್ನು ಒಪ್ಪಿಕೊಂಡಲ್ಲ. ರೋಗ ಎಷ್ಟು ಹಬ್ಬಿದೆ ಎಂದು ಅಳೆದು, ಗಂಧಕವಿಲ್ಲದೆ ಆಗುವ ಅನಾಹುತವನ್ನು ಅಂಕಿ ಸಮೇತ ತೋರಿಸೋಣ ಎಂದು. ಪರದೆ ಇರಲಿಲ್ಲ. ಡ್ರೈವರಣ್ಣ ತೊಟ್ಟಿಯ ಪಕ್ಕ ಕೈಕಟ್ಟಿ ನಿಂತ.

"ಎಷ್ಟು ದಿನ ಆಯ್ತು ರೋಗ ಕಾಣಿಸಿ?" ಅಕ್ಕ ಎಲೆ ಮುಟ್ಟುತ್ತ ಕೇಳಿದಳು.

"ಐದು ವಾರ."

"ಸುಳ್ಳು ಹೇಳಬೇಡಿ. ಐದು ವಾರ ಆಗಿದ್ರೆ ಈ ಎಲೆ ಒಣಗಿ ಕೈಯಲ್ಲಿ ಪುಡಿ ಆಗಬೇಕಿತ್ತು."

"ಮೇಡಂ, ಇಪ್ಪತ್ತಾರು ವರ್ಷ ಬಸ್ಸು ಓಡಿಸಿದೀನಿ. ಹೊರಟ ಹೊತ್ತು ಮರೆತವನಲ್ಲ. ಐದು ವಾರ ಅಂದ್ರೆ ಐದು ವಾರ."

ಅಕ್ಕ ಎಲೆಯನ್ನು ಬೆಳಕಿಗೆ ಹಿಡಿದಳು. ಬೂದಿ ಮಚ್ಚೆಗಳು ಇದ್ದವು, ಆದರೆ ಅಂಚುಗಳಲ್ಲಿ ಮಾಸಿದ್ದವು. ಹದಿನೇಳು ವರ್ಷದಿಂದ ಬೂದಿ ರೋಗ ನೋಡಿದ ಕಣ್ಣು ಅದು. ಇದು ಬೆಳೆಯುತ್ತಿರುವ ರೋಗವಲ್ಲ, ಹಿಂದೆ ಸರಿಯುತ್ತಿರುವ ರೋಗ ಎಂದು ಅದಕ್ಕೆ ಕೂಡಲೇ ತಿಳಿಯಿತು. ಅವಳು ಆರು ಎಲೆ ಕಿತ್ತು, ಒದ್ದೆ ಕಾಗದದಲ್ಲಿ ಸುತ್ತಿ ಹೊರಟಳು.

ಸೂಕ್ಷ್ಮದರ್ಶಕದ ಅಡಿಯಲ್ಲಿ ಬೂದಿ ರೋಗದ ಕಣಗಳು ಮಣಿಸರದಂತೆ ಕಾಣಬೇಕು. ತುಂಬಿದ, ಹೊಳೆಯುವ ಮಣಿಗಳು. ಇಲ್ಲಿ ಮಣಿಗಳು ಚಪ್ಪಟೆಯಾಗಿ ಕುಗ್ಗಿದ್ದವು. ಅವುಗಳ ಸುತ್ತ ಇನ್ನೂ ತೆಳುವಾದ ಬೇರೊಂದು ಎಳೆ ಬಳ್ಳಿಯಂತೆ ಸುತ್ತಿಕೊಂಡಿತ್ತು. ಅಕ್ಕ ಗಾಜು ಬದಲಿಸಿದಳು. ಎರಡನೆಯದರಲ್ಲೂ ಅದೇ. ಆರರಲ್ಲೂ ಅದೇ. ಅವಳು ಬಹಳ ಹೊತ್ತು ಕಣ್ಣು ಕೀಳಲಿಲ್ಲ. ಆಮೇಲೆ ಎದ್ದು, ಆ ಕಟ್ಟಡದಲ್ಲಿ ಅದುವರೆಗೆ ಯಾರೂ ಅವಳು ಓಡಿದ್ದನ್ನು ನೋಡಿರದಿದ್ದರೂ, ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದು ತಂಗಿಯ ಕೋಣೆಯ ಬಾಗಿಲು ತಳ್ಳಿದಳು.

"ನಿನ್ನ ಬೂಷ್ಟು ನನ್ನ ಬೂಷ್ಟನ್ನ ತಿಂತಾ ಇದೆ ಕಣೇ! ಬಾ ಮೇಲೆ!"

ತಂಗಿ ಬಂದು ನೋಡಿದಳು. ನೊಣದ ಮರಿಯನ್ನು ಸುತ್ತುವ ಎಳೆಯನ್ನು ಸಾವಿರ ಸಲ ಕಂಡವಳು. ಗುರುತು ಹಿಡಿಯಲು ಕ್ಷಣವೂ ಬೇಕಾಗಲಿಲ್ಲ.

"ನನ್ನದೇ" ಎಂದಳು.

"ಇಂಥ ಶಿಲೀಂಧ್ರಗಳು ಇವೆ ಅಂತ ಓದಿದ್ದೆ. ನಮ್ಮ ಕಟ್ಟಡದಲ್ಲೇ, ನನ್ನ ಕಾಲ ಕೆಳಗೇ ಮೂರು ವರ್ಷದಿಂದ ಇತ್ತು ಅಂತ ಗೊತ್ತಿರಲಿಲ್ಲ" ಎಂದಳು ಅಕ್ಕ. ಆಮೇಲೆ ಎಂದಿನ ದನಿಗೆ ಮರಳಿ, "ಹಿಗ್ಗಬೇಡ. ಹದಿನಾಲ್ಕು ಗಿಡ ಇನ್ನೂ ಹದಿನಾಲ್ಕೇ ಗಿಡ. ಕೂತ್ಕೋ, ಪ್ರಯೋಗ ಬರೆಯೋಣ."

ಡ್ರೈವರಣ್ಣನದೂ ಸೇರಿ ಮೂರು ಪಾಲಿಹೌಸು. ಪ್ರತಿಯೊಂದರಲ್ಲೂ ನಾಲ್ಕು ಬಗೆಯ ಸಾಲು: ಏನೂ ಹೊಡೆಯದ್ದು, ಬರೀ ಗಂಧಕದ್ದು, ಬರೀ ಶಿಲೀಂಧ್ರದ್ದು, ಹಳೆಯ ಪದ್ಧತಿಯಲ್ಲಿ ಎರಡೂ ಹೊಡೆದದ್ದು. ನಡುವೆ ಪ್ಲಾಸ್ಟಿಕ್ಕಿನ ಗೋಡೆ. ಯಾವ ಸಾಲು ಯಾವುದು ಎಂದು ಎಣಿಸುವವರಿಗೆ ತಿಳಿಯಬಾರದು ಎಂಬುದು ಅಕ್ಕನ ಹಟ. ಸಾಲುಗಳಿಗೆ ಬರೀ ಬಣ್ಣದ ದಾರ. ವಾರಕ್ಕೆರಡು ಸಲ ಇಬ್ಬರೂ ಹೋಗಿ, ಒಬ್ಬಳು ಎಲೆಯ ಅಡಿ, ಇನ್ನೊಬ್ಬಳು ಎಲೆಯ ಮೇಲೆ ಎಣಿಸುತ್ತಿದ್ದರು. ಒಂದೇ ಎಲೆ, ಎರಡು ಮಗ್ಗುಲು. "ನಿಮ್ಮಮ್ಮ ಎಲೆನೂ ಸಮಪಾಲು ಮಾಡ್ಕೊಟ್ಟಿದಾರೆ" ಎಂದು ಡ್ರೈವರಣ್ಣ ನಗುತ್ತಿದ್ದ.

ಆರನೆಯ ವಾರ ಬಿಸಿಗಾಳಿ ಶುರುವಾಯಿತು. ಎಂಟು ದಿನ ಒಂದೇ ಸಮನೆ ಒಣ ಶಾಖ. ನೀಲಿ ದಾರದ ಸಾಲಿನಲ್ಲಿ ನೊಣ ಮತ್ತೆ ಏರತೊಡಗಿತು. ಅದು ಶಿಲೀಂಧ್ರದ ಸಾಲೇ ಎಂದು ತಂಗಿಗೆ ಹೇಳದೆಯೇ ಗೊತ್ತಾಯಿತು. ಬೀಜಕಣ ಮೊಳೆಯಲು ತೇವ ಬೇಕು. ಈ ಗಾಳಿಯಲ್ಲಿ ಅದು ಹುರಿದುಹೋಗುತ್ತಿತ್ತು. ಸುದ್ದಿ ಕೇಳಿದ ನಿರ್ದೇಶಕರು ಮತ್ತೆ ಕನ್ನಡಕಕ್ಕೆ ಕೈಹಾಕಿದರು. "ಬೆಳೆಗಾರರ ಬೆಳೆ ಪಣಕ್ಕಿಡೋದು ಬೇಡ. ನಿಲ್ಲಿಸಿಬಿಡೋಣವಾ?"

ತಂಗಿ ಏನೋ ಹೇಳಹೊರಟಳು. ಅವಳಿಗಿಂತ ಮೊದಲು ಅಕ್ಕ ಹೇಳಿದಳು: "ಬೇಡ ಸರ್. ಹದಿನೈದು ದಿನ ಕೊಡಿ. ಬೆಳೆ ಕೈಬಿಟ್ಟರೆ ಉತ್ತರ ಹೇಳೋದು ನಾನು."

ಪರಿಹಾರ ಮಾತ್ರ ಅವರಿಬ್ಬರಿಗೂ ಹೊಳೆದದ್ದಲ್ಲ. ಮರುದಿನ ಹೋದಾಗ ಡ್ರೈವರಣ್ಣ ಪಾಲಿಹೌಸಿನ ಪಕ್ಕದ ಪ್ಲಾಸ್ಟಿಕ್ ಪರದೆಗಳನ್ನು ಇಳಿಸುತ್ತ, ಕಾಲುದಾರಿಗೆ ನೀರು ಚೆಲ್ಲುತ್ತಿದ್ದ.

"ಎಂಜಿನ್ ಕಾದ್ರೆ ಏನು ಮಾಡ್ತೀವಿ? ಗಾಡಿ ಮಾರ್ತೀವಾ? ನೀರು ಹಾಕ್ತೀವಿ" ಎಂದ. "ಸಂಜೆ ನಾಲ್ಕಕ್ಕೆ ದಾರಿ ಒದ್ದೆ ಮಾಡಿ, ಪರದೆ ಇಳಿಸಿ, ಆಮೇಲೆ ನಿಮ್ಮ ಪುಡಿ ಹೊಡೀತೀನಿ. ಬೆಳಿಗ್ಗೆ ಪರದೆ ಎತ್ತಿಬಿಡ್ತೀನಿ. ಸರೀನಾ?"

ಅಕ್ಕ ತೇವ ಅಳೆಯುವ ಯಂತ್ರ ತೂಗುಹಾಕಿದಳು. ಮಾರನೆಯ ಬೆಳಿಗ್ಗೆ ಅದರ ಮುಳ್ಳು ಇರಬೇಕಾದಲ್ಲೇ ಇತ್ತು. ಹೆಚ್ಚು ತೇವವಾದರೆ ಬೇರೆ ಕೊಳೆರೋಗ ಬರುತ್ತದೆಂಬ ಭಯ ಅವಳಿಗಿತ್ತು. ಬೆಳಿಗ್ಗೆ ಪರದೆ ಎತ್ತಿ ಎಲೆ ಒಣಗಿಸುತ್ತಿದ್ದುದರಿಂದ ಅದೂ ಬರಲಿಲ್ಲ. ಉಳಿದಿಬ್ಬರು ಬೆಳೆಗಾರರಿಗೂ ಹಾಗೇ ಮಾಡಲು, ಎಲ್ಲ ಸಾಲುಗಳಿಗೂ ಒಂದೇ ರೀತಿ ಮಾಡಲು ಹೇಳಿದರು. ಒಂಬತ್ತನೆಯ ವಾರಕ್ಕೆ ನೀಲಿ ದಾರದ ಎಲೆ ಮಗುಚಿದರೆ ಬಿಳಿ ಉಂಡೆಗಳೇ.

ಹದಿನಾರನೆಯ ವಾರ ದಾರಗಳ ಗುಟ್ಟು ಬಿಚ್ಚಿದರು. ಶಿಲೀಂಧ್ರದ ಸಾಲಿನಲ್ಲಿ ಹತ್ತಕ್ಕೆ ಎಂಟು ನೊಣದ ಮರಿ ಸತ್ತಿದ್ದವು. ಬೂದಿ ರೋಗ ಪೂರ್ತಿ ಹೋಗಿರಲಿಲ್ಲ. ಏನೂ ಹೊಡೆಯದ ಸಾಲಿಗಿಂತ ಮೂರರಲ್ಲಿ ಎರಡು ಪಾಲು ಕಡಿಮೆಯಾಗಿತ್ತು. ಬರೀ ಗಂಧಕದ ಸಾಲಿನಲ್ಲಿ ರೋಗವಿಲ್ಲ, ನೊಣ ತುಂಬಿತ್ತು. ಎರಡೂ ಹೊಡೆದ ಸಾಲಿನ ಗತಿಯೂ ಅದೇ. ಅಕ್ಕ ಅಂಕಿಗಳನ್ನು ಮೂರು ಸಲ ತಾಳೆ ನೋಡಿದಳು.

"ಗಂಧಕ ಪೂರ್ತಿ ಬಿಡಿ ಅಂತ ನಾನು ಹೇಳಲ್ಲ" ಎಂದಳು. "ಮೊದಲು ನಿನ್ನ ಶಿಲೀಂಧ್ರ. ರೋಗ ಮಿತಿ ಮೀರಿದ ಗಿಡಕ್ಕೆ ಮಾತ್ರ, ಆ ಗಿಡಕ್ಕಷ್ಟೇ ಗಂಧಕ. ಆಮೇಲೆ ಹತ್ತು ದಿನ ಬಿಟ್ಟು ಮತ್ತೆ ನಿನ್ನದು."

"ಹಾವೂ ಸಾಯಬೇಕು, ಕೋಲೂ ಮುರೀಬಾರದು."

"ನಮ್ಮ ಕೋಲಿಗೂ ಜೀವ ಇದೆಯಲ್ಲ. ಅದಕ್ಕೇ ಇಷ್ಟು ಹುಷಾರು."

ಬೆಳೆಗಾರರ ಸಭೆ ಕೇಂದ್ರದ ಉದ್ದನೆಯ ಹಾಲಿನಲ್ಲಿ ನಡೆಯಿತು. ಇನ್ನೂರು ಕುರ್ಚಿ ಹಾಕಿದ್ದರು, ಸಾಲದೆ ಜನ ಗೋಡೆಗೊರಗಿ ನಿಂತರು. ತಂಗಿ ಪ್ರಯೋಗ ವಿವರಿಸಿ ಕೂತ ಮೇಲೆ ಹಿಂದಿನಿಂದ ಒಬ್ಬರು ಎದ್ದರು. "ಅಲ್ಲ ಮೇಡಂ, ಪ್ರತಿ ವಾರ ಗಂಧಕ ಹೊಡೀರಿ ಅಂತ ನೀವೇ ಬರೆದುಕೊಟ್ಟಿದ್ರಿ. ಈಗ ಹೊಡೀಬೇಡಿ ಅಂತೀರಿ. ಯಾವುದು ನಿಜ?"

ತಂಗಿ ಏಳುವ ಮೊದಲೇ ಅಕ್ಕ ಎದ್ದು ಮೈಕು ತೆಗೆದುಕೊಂಡಳು.

"ಆ ಪಟ್ಟಿ ಬರೆದವಳು ನಾನು. ರೋಗಕ್ಕೆ ಸರಿಯಾಗೇ ಬರೆದಿದ್ದೆ. ಆದ್ರೆ ಎಲೆಯ ಅಡಿಯಲ್ಲಿ ಏನಾಗ್ತಿದೆ ಅಂತ ನೋಡಲಿಲ್ಲ. ಅದು ನನ್ನ ತಪ್ಪು. ಇವತ್ತಿನಿಂದ ಹೊಸ ಪಟ್ಟಿ. ಅದರಲ್ಲಿ ಎರಡು ಸಹಿ ಇರುತ್ತೆ. ಇದರಲ್ಲೂ ತಪ್ಪು ಕಂಡರೆ ಬಂದು ಹೇಳಿ. ಮುಚ್ಚಿಡಬೇಡಿ, ನನಗೆ ಹೆದರಲೂಬೇಡಿ."

ಪ್ರಶ್ನೆ ಕೇಳಿದವರೇ, "ಹಂಗಾದ್ರೆ ಹೊಸದು ಕೊಡಿ ಮೇಡಂ" ಎಂದು ಕೈಚಾಚಿದರು. ಹೊರಡುವಾಗ ಬಾಗಿಲ ಬಳಿ ಪಟ್ಟಿಗಾಗಿ ನೂಕುನುಗ್ಗಲು. ತಂಗಿ ಅಕ್ಕನ ಮುಖ ನೋಡಿದಳು. ಅಷ್ಟು ಜನರೆದುರು ತಪ್ಪು ಒಪ್ಪಿಕೊಂಡವಳು ಯಾವುದೋ ಭಾರ ಇಳಿಸಿದವಳಂತೆ ನೀರಿನ ಲೋಟ ಎತ್ತಿ ಗಟಗಟ ಕುಡಿಯುತ್ತಿದ್ದಳು. ಇಂಥವಳ ತಂಗಿ ಎನ್ನಿಸಿಕೊಳ್ಳುವುದರಲ್ಲಿ ತನಗೆ ಕಡಿಮೆಯಾದದ್ದೇನು ಎಂದು ಅವಳಿಗೆ ಮೊದಲ ಬಾರಿ ಅನ್ನಿಸಿತು.

ಮುಂದಿನ ಹಂಗಾಮಿಗೆ ನಲವತ್ತು ಪಾಲಿಹೌಸುಗಳು ಹೊಸ ಪದ್ಧತಿ ಹಿಡಿದವು. ಅದರಲ್ಲಿ ಮೂವತ್ತಮೂರು ಗೆದ್ದವು. ಏಳು ಕಡೆ ಯಾಕೆ ಆಗಲಿಲ್ಲ ಎಂದು ಅಕ್ಕತಂಗಿಯರು ಒಂದೇ ಕಾರಿನಲ್ಲಿ, ಕಿಟಕಿ ಇಳಿಸಬೇಕೋ ಏರಿಸಬೇಕೋ ಎಂದು ವಾದಿಸುತ್ತ ಓಡಾಡಿದರು.

ಸಂಶೋಧನಾ ಪ್ರಬಂಧ ಬರೆಯುವಾಗ ಯಾರ ಹೆಸರು ಮೊದಲು ಎಂಬ ಪ್ರಶ್ನೆ ಬಂತು. ತಂಗಿ ಅಕ್ಕನದೆಂದಳು, ಅಕ್ಕ ತಂಗಿಯದೆಂದಳು. ಕೊನೆಗೆ ಅಕ್ಕ ದೊಡ್ಡವಳೆಂಬ ಅಧಿಕಾರ ಚಲಾಯಿಸಿ ತಂಗಿಯ ಹೆಸರನ್ನೇ ಮೊದಲು ಬರೆದಳು. ಮೂರನೆಯ ಹೆಸರಿಗೆ ವಾದವೇ ಇರಲಿಲ್ಲ. ಅಚ್ಚಾದ ಪ್ರತಿ ಹಿಡಿದು ಇಬ್ಬರೂ ಡ್ರೈವರಣ್ಣನ ಬಳಿ ಹೋದರು. ಅವನು ಕೈ ತೊಳೆದುಕೊಂಡು ಬಂದು, ಪುಟವನ್ನು ದೂರ ಹಿಡಿದು, ತನ್ನ ಹೆಸರಿನ ಮೇಲೆ ಬೆರಳಾಡಿಸಿದ.

"ಕಾಗುಣಿತ ಸರಿಯಾಗಿದೆ" ಎಂದ. "ಇನಿಷಿಯಲ್ ತಪ್ಪಾಗಿದೆ. ಆದ್ರೆ ಪರವಾಗಿಲ್ಲ, ಬಸ್ ಡಿಪೋದಲ್ಲೂ ಹೀಗೇ ಬರೀತಿದ್ರು."

ಅಕ್ಕ ಪೆನ್ಸಿಲ್ ತೆಗೆದು ಅಲ್ಲೇ ತಿದ್ದಿದಳು. ಅವನು ಪುಟವನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು, "ಬನ್ನಿ, ಎಂಟನೇ ಸಾಲಲ್ಲಿ ಒಂದು ಹೊಸ ಥರದ ಎಲೆ ಮುದುಡು ರೋಗ ಕಾಣಿಸಿದೆ, ನಿಮಗಾಗೇ ಹಾಗೇ ಬಿಟ್ಟಿದೀನಿ" ಎಂದು ಬಾಗಿಲು ತೆರೆದ.